ಮುಂಗಡವೆಂಬ ಸಂಕೋಲೆ

ಜೀತವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸು ಗತಕಾಲಕ್ಕೆ ಜಾರುತ್ತದೆ. ಧಣಿಯ ಅಂಗಳ, ತಲೆಬಾಗಿ ನಿಂತ ಆಳು, ತಂದೆಯಿಂದ ಮಗನಿಗೆ ಇಳಿದು ಬಂದ ಸಾಲ - ಇವೆಲ್ಲ ಕಾದಂಬರಿಗಳಲ್ಲಿ ಓದಿ, ಮರುಗಿ, ಮರೆತ ಸಂಗತಿಗಳೆಂದು ಭಾವಿಸುವುದು ನಮಗೆ ಹಿತವೆನಿಸುತ್ತದೆ. ಆದರೆ ಶಿವರಾಮ ಕಾರಂತರು 1933ರಲ್ಲಿ ನಾಡಿಗಿತ್ತ ‘ಚೋಮನ ದುಡಿ’ಯನ್ನು ಗಮನವಿಟ್ಟು ಓದಿದವರಿಗೆ ಒಂದು ಸೂಕ್ಷ್ಮ ಹೊಳೆಯದಿರದು. ಚೋಮನ ಸಂಸಾರವನ್ನು ಒಡೆದದ್ದು ಧಣಿಯ ಹೊಲಕ್ಕಿಂತ ಹೆಚ್ಚಾಗಿ ಘಟ್ಟದ ಮೇಲಿನ ಕಾಫಿ ತೋಟದ ಸಾಲ. ಅದನ್ನು ತೀರಿಸಲೆಂದೇ ಅವನ ಮಕ್ಕಳು ಘಟ್ಟ ಹತ್ತುತ್ತಾರೆ. ಕಾಫಿ ತೋಟವೆಂಬುದು ದೂರದ ಪೇಟೆಗೆ ಮಾಲು ಕಳುಹಿಸುವ ಉದ್ದಿಮೆ. ಜೀತವು ಉದ್ದಿಮೆಯ ಲೆಕ್ಕದ ಪುಸ್ತಕಕ್ಕೆ ಬಂದು ಸೇರಿದ್ದು ಇಂದು ನಿನ್ನೆಯಲ್ಲ.

ಅದು ಅಲ್ಲಿಂದ ಹೊರಟುಹೋಗಿಯೂ ಇಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 2022ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಜಗತ್ತಿನಲ್ಲಿ 2.76 ಕೋಟಿ ಜನ ಬಲವಂತದ ದುಡಿಮೆಯಲ್ಲಿದ್ದಾರೆ. ಅವರಲ್ಲಿ 1.73 ಕೋಟಿ ಜನ ಕೃಷಿ, ಕಟ್ಟಡ, ಕಾರ್ಖಾನೆ, ಮನೆಗೆಲಸ ಮೊದಲಾದ ಖಾಸಗಿ ದುಡಿಮೆಗಳಲ್ಲಿ ಸಿಲುಕಿದವರು. ಇದಕ್ಕೆ ಇಂದು ‘ಆಧುನಿಕ ಗುಲಾಮಗಿರಿ’ ಎಂಬ ಹೊಸ ಹೆಸರು ಬಂದಿದೆ. ಹೆಸರು ಹೊಸದು, ಹೂರಣ ಹಳೆಯದು.

ಹೊರನಾಡ ಕನ್ನಡಿಗರ ತ್ರೈಮಾಸಿಕವೊಂದು ಈ ವಿಷಯವನ್ನು ಏಕೆ ಎತ್ತಿಕೊಳ್ಳಬೇಕು ಎಂದು ಓದುಗರು ಕೇಳಬಹುದು. ನಾವು ಬಾಳುತ್ತಿರುವ ನೆಲವೇ ಇದಕ್ಕೆ ಉತ್ತರ. ಅಹಮದಾಬಾದಿನ ವಟ್ವಾ ಕೈಗಾರಿಕಾ ವಸಾಹತು ದೇಶದ ಬಣ್ಣದ ಉದ್ದಿಮೆಯ ಪ್ರಮುಖ ನೆಲೆಗಳಲ್ಲೊಂದು. ಇಲ್ಲಿ ತಯಾರಾಗುವ ಬಣ್ಣಗಳೂ ಬಣ್ಣಕ್ಕೆ ಬೇಕಾದ ರಾಸಾಯನಿಕಗಳೂ ದೇಶವಿದೇಶಗಳ ಬಟ್ಟೆಗಿರಣಿಗಳನ್ನು ಸೇರುತ್ತವೆ. ಈ ವಸಾಹತಿನಲ್ಲೂ ವಡೋದರಾ, ಸೂರತ್ ನಗರಗಳಲ್ಲೂ ನಮ್ಮವರು ರಸಾಯನಶಾಸ್ತ್ರಜ್ಞರಾಗಿ, ಎಂಜಿನಿಯರರಾಗಿ, ಲೆಕ್ಕಪತ್ರ, ಉಗ್ರಾಣ, ಖರೀದಿ ವಿಭಾಗಗಳ ಅಧಿಕಾರಿಗಳಾಗಿ, ಹೋಟೆಲು ಮಾಲೀಕರಾಗಿ ನೆಲೆ ಕಂಡಿದ್ದಾರೆ. ಗುತ್ತಿಗೆದಾರನ ಬಿಲ್ಲಿಗೆ ರುಜು ಹಾಕುವ ಕೈಗಳಲ್ಲಿ ಕೆಲವು ಕನ್ನಡದ ಕೈಗಳು. ಆದ್ದರಿಂದ ಈ ಪ್ರಶ್ನೆ ನಮ್ಮ ಮೇಜಿನ ಮೇಲಿನದೇ ಆಗಿದೆ.

ವಟ್ವಾದ ಕಾರ್ಖಾನೆಗಳೆಲ್ಲ ಜೀತದ ಕೂಪಗಳೆಂದು ಹೇಳುವುದು ಅನ್ಯಾಯವಾದೀತು. ನಮ್ಮ ಮಾತು ಬೇರೆ. ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಹೆಸರಿರುವ ಕಾಯಂ ನೌಕರನ ಸ್ಥಿತಿಯನ್ನು ಕಂಪೆನಿ ಬಲ್ಲದು. ಮೂಟೆ ಹೊರುವವನು, ಟ್ಯಾಂಕು ತೊಳೆಯುವವನು, ಲಾರಿ ತುಂಬುವವನು ಗುತ್ತಿಗೆದಾರನ ಆಳು. ಆ ಗುತ್ತಿಗೆದಾರನಿಗೆ ಜನ ಒದಗಿಸುವವನು ಇನ್ನೊಬ್ಬ ಮೇಸ್ತ್ರಿ. ಮೇಸ್ತ್ರಿ ಊರಿಂದ ಕರೆತರುವಾಗ ಕೊಟ್ಟದ್ದು ಮುಂಗಡ. ಈ ಮೂರನೆಯ ಮೆಟ್ಟಿಲಲ್ಲಿ ಏನು ನಡೆದಿದೆಯೆಂಬುದು ಕಂಪೆನಿಯ ಯಾವ ಕಡತದಲ್ಲೂ ಸಿಗುವುದಿಲ್ಲ. ಜೀತ ಮೊಳೆಯುವುದು ಅಲ್ಲಿಯೇ.

ಗುಜರಾತಿಗೆ ಈ ಮುಂಗಡದ ಚರಿತ್ರೆ ಅಪರಿಚಿತವಲ್ಲ. ದಕ್ಷಿಣ ಗುಜರಾತಿನ ‘ಹಾಳಿ’ ಪದ್ಧತಿಯಲ್ಲಿ ಮದುವೆಗೆಂದು ಪಡೆದ ಸಾಲ ದುಬಳಾ ಸಮುದಾಯದ ಆಳನ್ನು ಆಯುಷ್ಯಪೂರ್ತಿ ಒಡೆಯನಿಗೆ ಕಟ್ಟಿಹಾಕುತ್ತಿತ್ತು. ಆ ಪದ್ಧತಿ ಅಳಿಯಿತು. ಅದೇ ಸೀಮೆಯ ಸಕ್ಕರೆ ಕಾರ್ಖಾನೆಗಳಿಗೆ ಡಾಂಗ್, ಧುಳೆ, ನಂದುರಬಾರ್ ಕಡೆಯಿಂದ ಕಬ್ಬು ಕಡಿಯಲು ಬರುವ ದಂಪತಿಗಳನ್ನು ಮುಕಾದಮನ ಮುಂಗಡ ಕಟ್ಟಿಹಾಕಿತು. ಗಂಡ ಹೆಂಡತಿ ಇಬ್ಬರೂ ಸೇರಿ ಲೆಕ್ಕಕ್ಕೆ ಒಂದು ‘ಕೊಯ್ತಾ’, ಅಂದರೆ ಒಂದು ಕತ್ತಿ! ನಮ್ಮ ಬೆಳಗಾವಿ, ಬಾಗಲಕೋಟೆಗಳ ಓದುಗರಿಗೆ ಈ ಪದವನ್ನು ವಿವರಿಸಬೇಕಾಗಿಲ್ಲ. ಇಟ್ಟಿಗೆ ಭಟ್ಟಿಗಳ ಕಥೆಯೂ ಇದೇ.

ನಮ್ಮ ನಾಡು ಇದಕ್ಕಿಂತ ಮೇಲೆಂದು ಬೀಗುವಂತಿಲ್ಲ. ಶ್ರೀರಂಗಪಟ್ಟಣ ತಾಲ್ಲೂಕಿನ ಹಂಗರಹಳ್ಳಿಯ ಕಲ್ಲುಕ್ವಾರಿಯಲ್ಲಿ ಕಾಲಿಗೆ ಕಬ್ಬಿಣದ ಸಂಕೋಲೆ ತೊಡಿಸಿದ ಕೂಲಿಗಳು ಬೆಳಕಿಗೆ ಬಂದದ್ದು 2000ದಲ್ಲಿ. ನಾಡೆಲ್ಲ ಬೆಚ್ಚಿತು. ಕಬ್ಬಿಣದ ಸಂಕೋಲೆ ಕಣ್ಣಿಗೆ ಕಂಡಿತೆಂದೇ ನಾವು ಬೆಚ್ಚಿದೆವು. ಅದನ್ನು ತೊಡಿಸುವ ಮೊದಲೇ ಅವರನ್ನು ಹಿಡಿದಿಟ್ಟಿದ್ದ ಸಾಲದ ಸಂಕೋಲೆ ಕಣ್ಣಿಗೆ ಕಾಣುವಂಥದಲ್ಲ.

ಕಾನೂನು ಈ ಸಂಕೋಲೆಯನ್ನು ಗುರುತಿಸದೆ ಇಲ್ಲ. 1976ರ ಜೀತ ಪದ್ಧತಿ ರದ್ದತಿ ಅಧಿನಿಯಮವು ಜೀತಕ್ಕೆ ಕಾರಣವಾದ ಸಾಲವನ್ನೇ ಅಳಿಸಿಹಾಕಿತು. ಗುತ್ತಿಗೆ ಕಾರ್ಮಿಕರೂ ಅಂತರರಾಜ್ಯ ವಲಸಿಗರೂ ಅದರ ವ್ಯಾಪ್ತಿಗೆ ಒಳಪಡಬಲ್ಲರೆಂದು 1985ರ ತಿದ್ದುಪಡಿ ಸ್ಪಷ್ಟಪಡಿಸಿತು. ಏಷ್ಯಾಡ್ ಕಾಮಗಾರಿಯ ಕೂಲಿಗಳ ಮೊಕದ್ದಮೆಯಲ್ಲಿ 1982ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಹಸಿವಿನ ಒತ್ತಡಕ್ಕೆ ಸಿಲುಕಿ ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಯುವುದೂ ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ಸಾರಿತು. ಕೂಲಿಗಳು ಗುತ್ತಿಗೆದಾರರವರು ಎಂಬ ನೆಪವನ್ನು ಅದು ಮನ್ನಿಸಲಿಲ್ಲ. ಆ ತೀರ್ಪಿತ್ತ ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ಮೊದಲು ಇದೇ ಗುಜರಾತಿನ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾಗಿದ್ದವರು.

ಆದರೆ ಕಾನೂನಿನ ಬಲೆಯ ಕಣ್ಣುಗಳು ದೊಡ್ಡವು. 1976ರ ಅಧಿನಿಯಮದಲ್ಲಿ ಜೀತಕ್ಕಿಟ್ಟುಕೊಂಡವನಿಗೆ ಮೂರು ವರ್ಷದವರೆಗಿನ ಸೆರೆವಾಸವಿದೆ. ದಂಡದ ಮಿತಿ ಮಾತ್ರ 2,000 ರೂಪಾಯಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಗುತ್ತಿಗೆ ಕಾರ್ಮಿಕರ ನಿಯಮಗಳು ಅನ್ವಯಿಸುವುದು 50 ಮಂದಿ ಇದ್ದಲ್ಲಿ. 1970ರ ಕೇಂದ್ರ ಕಾನೂನಿನಲ್ಲಿ ಈ ಸಂಖ್ಯೆ 20 ಆಗಿತ್ತು. ಸಣ್ಣ ಮೇಸ್ತ್ರಿ ನುಸುಳುವುದು ಈ ಕಣ್ಣುಗಳಿಂದಲೇ. ಸರ್ಕಾರದ ಕಣ್ಣು ತಲುಪದ ಕಡೆ ಕಂಪೆನಿಯ ಕಣ್ಣು ತಲುಪಬೇಕಾಗುತ್ತದೆ.

ವಿದೇಶಗಳಲ್ಲಿ ಈ ಹೊಣೆಯನ್ನು ಕಾನೂನಿನಿಂದಲೇ ಹೊರಿಸುವ ಯತ್ನ ನಡೆದಿದೆ. ಬ್ರಿಟನ್ನಿನ 2015ರ ಅಧಿನಿಯಮದಂತೆ 3.6 ಕೋಟಿ ಪೌಂಡಿಗೆ ಕಡಿಮೆಯಿಲ್ಲದ ವಹಿವಾಟಿನ ಕಂಪೆನಿಗಳು, ತಮ್ಮ ಪೂರೈಕೆಯ ಸರಪಳಿಯಲ್ಲಿ ಗುಲಾಮಗಿರಿ ಇಲ್ಲದಂತೆ ಏನು ಮಾಡಿದೆವೆಂದು ವರ್ಷಕ್ಕೊಮ್ಮೆ ಹೇಳಿಕೆ ಪ್ರಕಟಿಸಬೇಕು. ವಿಪರ್ಯಾಸವೆಂದರೆ, ‘ಏನೂ ಮಾಡಿಲ್ಲ’ ಎಂದು ಹೇಳಿದರೂ ಆ ಕಾನೂನು ಪಾಲಿಸಿದಂತೆಯೇ! ಜರ್ಮನಿ ಒಂದು ಹೆಜ್ಜೆ ಮುಂದೆ ಹೋಗಿ 2023ರಿಂದ ಸರಪಳಿಯ ತಪಾಸಣೆಯನ್ನೇ ಕಡ್ಡಾಯ ಮಾಡಿತು. ನಮ್ಮಲ್ಲಿ ಷೇರುಪೇಟೆಯ ಮೊದಲ ಸಾವಿರ ಕಂಪೆನಿಗಳು ಈ ಬಗೆಯ ಪ್ರಶ್ನೆಗಳಿಗೆ ಉತ್ತರಿಸಬೇಕೆಂದು ಸೆಬಿ 2022-23ರಿಂದ ವಿಧಿಸಿದೆ. ಹೀಗಾಗಿ ವಟ್ವಾದ ಸಣ್ಣ ಕಾರ್ಖಾನೆಗೂ ದೊಡ್ಡ ಗಿರಾಕಿಯಿಂದ ಪ್ರಶ್ನಾವಳಿ ಬಂದು ಬೀಳುತ್ತಿದೆ. ಅದನ್ನು ತುಂಬಿ ಕಳುಹಿಸುವಲ್ಲಿಗೆ ಕರ್ತವ್ಯ ಮುಗಿಯಿತೆನ್ನುವವರು ಕರಾಚಿಯನ್ನು ನೆನೆಯಬೇಕು. 2012ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸಿದ್ಧ ಉಡುಪಿನ ಕಾರ್ಖಾನೆಯೊಂದು ಬೆಂಕಿಗೆ ತುತ್ತಾಗಿ 250ಕ್ಕೂ ಹೆಚ್ಚು ಜನ ಸತ್ತರು. ಕಾರ್ಮಿಕರನ್ನು ಚೆನ್ನಾಗಿ ನೋಡಿಕೊಳ್ಳುತ್ತದೆಂಬ ಅಂತರರಾಷ್ಟ್ರೀಯ ಪ್ರಮಾಣಪತ್ರ ಅದಕ್ಕೆ ಕೆಲವೇ ವಾರಗಳ ಹಿಂದೆ ದೊರೆತಿತ್ತು.

ಹಾಗಾದರೆ ಮಾಡಬೇಕಾದದ್ದೇನು? ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮೊದಲನೆಯದು, ಮುಂಗಡವನ್ನು ಮೇಸ್ತ್ರಿಯ ಕೈಯಿಂದ ಬಿಡಿಸುವುದು. ಊರಿಂದ ಬರುವ ರೈಲಿನ ಖರ್ಚು, ಆಳು ಹುಡುಕಿದ ದಲ್ಲಾಳಿ ಇವುಗಳ ಭಾರವನ್ನು ಕಂಪೆನಿಯೇ ಹೊರಬೇಕು. ಕೂಲಿಯಿಂದ ಮುರಿದುಕೊಳ್ಳುವ ಪರಿಪಾಠ ನಿಲ್ಲಬೇಕು. ಕೂಲಿ ದುಡಿದವನ ಸ್ವಂತ ಬ್ಯಾಂಕ್ ಖಾತೆಗೆ ಹೋಗಬೇಕು. ಆ ಖಾತೆಯ ಕಾರ್ಡೂ ಅವನ ಆಧಾರ್ ಚೀಟಿಯೂ ಅವನ ಜೇಬಿನಲ್ಲೇ ಇರಬೇಕು. ವೇತನದ ಚೀಟಿ ಅವನು ಓದಬಲ್ಲ ಹಿಂದಿಯಲ್ಲೋ ಒಡಿಯಾದಲ್ಲೋ ಇರಬೇಕು. ತಪಾಸಣೆಗೆ ಬಂದವರು ಮುನ್ಸೂಚನೆ ಕೊಡದೆ ಬಂದು, ಮೇಸ್ತ್ರಿಯ ಕಣ್ಣು ತಪ್ಪಿಸಿ, ಅವನು ವಾಸಿಸುವ ಕೋಣೆಗೇ ಹೋಗಿ ಮಾತನಾಡಬೇಕು. ಅನ್ಯಾಯ ಕಂಡಾಗ ಗುತ್ತಿಗೆ ರದ್ದುಪಡಿಸಿ ಕೈತೊಳೆದುಕೊಂಡರೆ ಬೀದಿಗೆ ಬೀಳುವವನು ಕೂಲಿಯೇ. ಅವನ ಬಾಕಿ ಕೊಡಿಸಿ, ಜಿಲ್ಲಾ ಮ್ಯಾಜಿಸ್ಟ್ರೇಟರ ಮೂಲಕ ಬಿಡುಗಡೆಯ ಪತ್ರ ದೊರೆಯುವಂತೆ ಮಾಡುವುದೇ ನಿಜವಾದ ಪರಿಹಾರ. 2016ರ ಯೋಜನೆಯಂತೆ ಜೀತಮುಕ್ತನಿಗೆ 1 ಲಕ್ಷದಿಂದ 3 ಲಕ್ಷ ರೂಪಾಯಿಯವರೆಗೆ ಪುನರ್ವಸತಿ ನೆರವಿಗೆ ಆ ಪತ್ರವೇ ದಾರಿ.

ಎರಡನೆಯದು ದರದ ಪ್ರಶ್ನೆ. ಇದು ಖರೀದಿ ಅಧಿಕಾರಿಯ ಆತ್ಮಸಾಕ್ಷಿಗೆ ಸಂಬಂಧಿಸಿದ್ದು. ಗುತ್ತಿಗೆದಾರ ಕೊಟ್ಟ ದರವನ್ನು ಆ ಕೆಲಸಕ್ಕೆ ಬೇಕಾದ ಆಳು ಮತ್ತು ದಿನಗಳಿಂದ ಭಾಗಿಸಿ ನೋಡಲಿ. ಬಂದ ಮೊತ್ತ ಕನಿಷ್ಠ ವೇತನ, ಭವಿಷ್ಯನಿಧಿ, ವಿಮೆಗಳ ಒಟ್ಟಿಗಿಂತ ಕಡಿಮೆಯಿದ್ದರೆ ಉಳಿದದ್ದನ್ನು ಯಾರು ತೆರುತ್ತಾರೆ? ಅತಿ ಕಡಿಮೆ ದರದ ಟೆಂಡರನ್ನು ಒಪ್ಪಿ, ಅದರ ಕೆಳಗೆ ‘ಬಲವಂತದ ದುಡಿಮೆ ಇಲ್ಲ’ ಎಂಬ ಷರತ್ತನ್ನು ಅಚ್ಚು ಹಾಕಿಸುವುದು ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದರಿಂದ ಕಿತ್ತುಕೊಂಡಂತೆ.

ಗೋಡೆಯಾಚೆಯ ಹೊಣೆ ನಮ್ಮದಲ್ಲವೆಂಬ ವಾದ ವಟ್ವಾದಲ್ಲಿ ಒಮ್ಮೆ ಸೋತಿದೆ. ಇಲ್ಲಿನ, ನರೋಡಾದ, ಓಢವದ ಕಾರ್ಖಾನೆಗಳ ಕೊಳೆನೀರು ಖಾರಿಕಟ್ ಕಾಲುವೆ ಸೇರಿ ಹಳ್ಳಿಗಳ ಹೊಲಬಾವಿಗಳನ್ನು ಕೆಡಿಸಿದಾಗ, 1995ರಲ್ಲಿ ಗುಜರಾತ್ ಉಚ್ಚ ನ್ಯಾಯಾಲಯವು ನೂರಾರು ಕಾರ್ಖಾನೆಗಳಿಗೆ ಬೀಗ ಹಾಕಿಸಿತು. ನೀರು ಪೈಪಿನಿಂದ ಹೊರಬಿದ್ದ ಮೇಲೂ ಅದು ಕಾರ್ಖಾನೆಯ ನೀರೇ ಎಂಬುದನ್ನು ಉದ್ಯಮಿಗಳು ಅಂದು ಕಲಿತರು. ನೀರಿಗೆ ಸಲ್ಲುವ ಈ ನ್ಯಾಯ ಬೆವರಿಗೆ ಸಲ್ಲಬಾರದೆ?

ಕೊನೆಯದಾಗಿ ನಮ್ಮ ಮನೆಯ ಮಾತು. ಹೊರನಾಡಿನಲ್ಲಿ ಕನ್ನಡಿಗರಿಗೆ ಅನ್ನ, ಕೀರ್ತಿ ಎರಡನ್ನೂ ತಂದದ್ದು ಹೋಟೆಲು ಉದ್ಯಮ. ಊರಿಂದ ಬಂದ ಹುಡುಗರಿಗೆ ಊಟ, ಸೂರು ಕೊಟ್ಟು ರಾತ್ರಿಶಾಲೆಗೆ ಕಳುಹಿಸಿದ ಮಾಲೀಕರ ಹಿರಿಮೆಯನ್ನು ನಾವು ಮರೆತಿಲ್ಲ. ಆದರೆ ತಂದೆಯ ಕೈಗೆ ಸಾಲ ಕೊಟ್ಟು ಮಗನನ್ನು ಮಾಣಿಯಾಗಿ ಕರೆತಂದ ಉದಾಹರಣೆಗಳೂ ಉಂಟು. 2006ರ ಅಕ್ಟೋಬರ್ 10ರಿಂದ ಹೋಟೆಲುಗಳಲ್ಲಿ 14 ವರ್ಷದೊಳಗಿನ ಮಕ್ಕಳ ದುಡಿಮೆ ನಿಷಿದ್ಧ. ಆದರೆ ವಯಸ್ಸು ಹದಿನೆಂಟು ದಾಟಿದ ಮಾತ್ರಕ್ಕೆ ಮುಂಗಡ ಹಂಗಿಲ್ಲದ್ದಾಗುವುದಿಲ್ಲ. ಎಲ್ಲರ ಮನೆಯ ದೋಸೆಯೂ ತೂತೇ ಎಂಬ ಗಾದೆ ಸಮಾಧಾನಕ್ಕಾಗಿ ಹುಟ್ಟಿದ್ದಲ್ಲ. ಮೊದಲು ನಮ್ಮ ಕಾವಲಿಯನ್ನು ನೋಡಿಕೊಳ್ಳಲೆಂದು ಹುಟ್ಟಿದ್ದು.

ಪರಸ್ಥಳದಲ್ಲಿ ದುಡಿದು ಬದುಕು ಕಟ್ಟಿಕೊಳ್ಳುವ ಕಷ್ಟವನ್ನು ನಾವು ಬಲ್ಲೆವು. ಒಡಿಶಾದಿಂದಲೋ ಬಿಹಾರದಿಂದಲೋ ವಟ್ವಾಕ್ಕೆ ಬಂದಿಳಿದವನೂ ನಮ್ಮಂತೆಯೇ ಹೊರನಾಡಿಗ. ನಮಗೆ ಓದಿತ್ತು, ಸಂಘವಿತ್ತು, ಬೇಡವೆನಿಸಿದಾಗ ಕೆಲಸ ಬಿಟ್ಟು ನಡೆಯುವ ಸ್ವಾತಂತ್ರ್ಯವಿತ್ತು. ಅವನಿಗೆ ಈ ಕೊನೆಯದನ್ನಾದರೂ ಉಳಿಸಿಕೊಡುವುದು ರುಜು ಹಾಕುವ ಕೈಗಳ ಕರ್ತವ್ಯ. ಮುಂದಿನ ಬಿಲ್ಲು ಮೇಜಿಗೆ ಬಂದಾಗ ನಮ್ಮ ಓದುಗರು ಒಂದು ಪ್ರಶ್ನೆ ಕೇಳಲಿ: ಈ ಕೂಲಿಯವನು ನಾಳೆ ಬೆಳಿಗ್ಗೆ ಯಾರಿಗೂ ಸಾಲ ಉಳಿಸಿಕೊಳ್ಳದೆ ಊರಿಗೆ ಹೊರಡಬಲ್ಲನೆ? ಉತ್ತರ ಸಿಗುವ ತನಕ ಲೇಖನಿ ತಡೆಯಲಿ.