ಯಾವ ಕ್ಯುಸೆಕ್‌ಗೆ ಎಷ್ಟನೇ ಮೆಟ್ಟಿಲು?

ನಕಾಶೆಯ ಮೇಲೆ ಕಾಕಿನಾಡದಿಂದ ನೇರ ಪಶ್ಚಿಮಕ್ಕೊಂದು ಗೆರೆ ಎಳೆದರೆ ಅದು ನಮ್ಮ ವಿಜಯಪುರ ಜಿಲ್ಲೆಯ ಇಂಡಿ ಪಟ್ಟಣದ ಆಸುಪಾಸಿನಲ್ಲೇ ಹಾಯುತ್ತದೆ. ನಡುವೆ 650 ಕಿ.ಮೀ.ಗೂ ಹೆಚ್ಚು ನೆಲ. ಅಷ್ಟು ದೂರದ ಸಮುದ್ರಕ್ಕೂ ಭೀಮಾತೀರದ ಜೋಳದ ಹೊಲಕ್ಕೂ ಏನು ನಂಟು ಎಂದು ಕೇಳುವವರು 2020ರ ಅಕ್ಟೋಬರ್ ತಿಂಗಳನ್ನು ನೆನಪಿಸಿಕೊಳ್ಳಬೇಕು. ಆ ತಿಂಗಳ 13ರ ಬೆಳಿಗ್ಗೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವೊಂದು ಕಾಕಿನಾಡದ ಬಳಿ ದಡ ಹತ್ತಿತು. ತೆಲಂಗಾಣ ದಾಟಿ, ಉತ್ತರ ಕರ್ನಾಟಕ ಮತ್ತು ದಕ್ಷಿಣ ಮಹಾರಾಷ್ಟ್ರದ ಮೇಲೆ ಮಳೆ ಸುರಿಸುತ್ತ ಅರಬ್ಬಿ ಸಮುದ್ರದ ಕಡೆ ನಡೆಯಿತು. ಪಂಢರಪುರದಲ್ಲಿ ಕುಂಭಾರ ಘಾಟಿನ ಗೋಡೆ ಕುಸಿದು ಆರು ಜನ ಸತ್ತರು. ಅಲ್ಲಿ ಚಂದ್ರಭಾಗೆ ಎನಿಸಿಕೊಂಡ ಹೊಳೆಯೇ ನಮ್ಮ ಭೀಮೆ. ಒಂದೆರಡು ದಿನದಲ್ಲಿ ಆ ನೀರು ಇಂಡಿ, ಸಿಂದಗಿ ಸೀಮೆಯ ದಂಡೆಯೂರುಗಳಿಗೆ ನುಗ್ಗಿತು. ಚಿತ್ತಾ ಮಳೆಯ ದಿನಗಳು ಅವು. ತೊಗರಿ ಹೊಲದಲ್ಲಿತ್ತು, ಕಬ್ಬು ನಿಂತಿತ್ತು, ಬಿಳಿಜೋಳದ ಬಿತ್ತನೆಯ ಹೊತ್ತು. ಇಷ್ಟೆಲ್ಲ ಮಾಡಿದ ಆ ಕುಸಿತಕ್ಕೆ ಒಂದು ಹೆಸರೂ ಇರಲಿಲ್ಲ. ಗಾಳಿಯ ವೇಗ ಗಂಟೆಗೆ 62 ಕಿ.ಮೀ. ಮುಟ್ಟಿದರೆ ಮಾತ್ರ ಹವಾಮಾನ ಇಲಾಖೆ ಅದನ್ನು ಚಂಡಮಾರುತ ಎಂದು ಕರೆದು ಹೆಸರಿಡುತ್ತದೆ. ಕರಾವಳಿಗೆ ಆ ಅಳತೆ ಸರಿ, ಅಲ್ಲಿ ಮೊದಲು ಬಡಿಯುವುದು ಗಾಳಿ. ಒಳನಾಡಿನಲ್ಲಿ ಕೊಲ್ಲುವುದು ನೀರು. ಹೆಸರಿಲ್ಲದ ಗಾಳಿಗೆ ಟಿ.ವಿ.ಯವರೂ ಕ್ಯಾಮೆರಾ ಹೊತ್ತು ಹೊರಡುವುದಿಲ್ಲ.

ಕರಾವಳಿಯವರು ಚಂಡಮಾರುತಕ್ಕೆ ಸಜ್ಜಾಗುವ ರೀತಿಯಲ್ಲಿ ನಾವು ಕಲಿಯಬೇಕಾದದ್ದು ಒಂದಿದೆ. ಅದು ಅವರ ಹಣವಲ್ಲ, ಆಶ್ರಯ ಕಟ್ಟಡಗಳೂ ಅಲ್ಲ. 1999ರ ಮಹಾ ಚಂಡಮಾರುತದಲ್ಲಿ ಒಡಿಶಾ ಸುಮಾರು 10,000 ಜನರನ್ನು ಕಳೆದುಕೊಂಡಿತು. 2013ರಲ್ಲಿ ಫೈಲಿನ್ ಬಂದಾಗ ಸುಮಾರು 10 ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಿತು. ಸಾವು ಹತ್ತಾರಕ್ಕೆ ಇಳಿಯಿತು. ಈ ನಡುವೆ ಗಾಳಿಯೇನೂ ಮೆತ್ತಗಾಗಿರಲಿಲ್ಲ. ಮುನ್ಸೂಚನೆಯ ಪ್ರತಿ ಹಂತಕ್ಕೂ ಒಂದೊಂದು ಕೆಲಸವನ್ನು ಕಟ್ಟಿಹಾಕಿದ್ದು ಅದಕ್ಕೊಂದು ದೊಡ್ಡ ಕಾರಣ. ಬಂದರಿನ ಕಂಬದ ಮೇಲೆ ಇಂತಿಷ್ಟನೇ ಸಂಕೇತ ಏರಿತೆಂದರೆ ದೋಣಿ ಎಳೆಯಬೇಕು, ಬಲೆ ಬಿಚ್ಚಬೇಕು ಎಂದು ಮೀನುಗಾರನಿಗೆ ಗೊತ್ತು. ಹವಾಮಾನ ಇಲಾಖೆ ಕರಾವಳಿಗೆ ನಾಲ್ಕು ಹಂತದಲ್ಲಿ ಎಚ್ಚರಿಕೆ ಕೊಡುತ್ತದೆ. ನಾಲ್ಕನೆಯದನ್ನು ಕಡಿಮೆಯೆಂದರೂ 12 ತಾಸು ಮುಂಚೆ ಹೊರಡಿಸುತ್ತದೆ, ಮತ್ತು ಅದರ ವಿಷಯವೇ ದಡ ಹತ್ತಿದ ಮೇಲೆ ಚಂಡಮಾರುತ ಒಳನಾಡಿನಲ್ಲಿ ಎತ್ತ ಸಾಗುತ್ತದೆ ಎಂಬುದು. ನಮಗಾಗಿಯೇ ಬರೆದಂತಿರುವ ಆ ಕಾಗದವನ್ನು ನಮ್ಮ ಕಡೆ ಯಾರೂ ಓದುವುದಿಲ್ಲ.

ನಮಗೆ ಸಿಗುವುದು ಬೇರೆಯದೇ ನುಡಿಗಟ್ಟು. ‘ಉಜನಿಯಿಂದ ಇಷ್ಟು ಸಾವಿರ ಕ್ಯುಸೆಕ್, ವೀರ್‌ನಿಂದ ಇಷ್ಟು ಸಾವಿರ ಕ್ಯುಸೆಕ್ ನೀರು ಬಿಡಲಾಗಿದೆ. ನದಿತೀರದ ಜನ ಎಚ್ಚರಿಕೆಯಿಂದ ಇರಬೇಕು.’ ಈ ಎರಡು ವಾಕ್ಯಗಳ ನಡುವೆ ಇರಬೇಕಾದ ಮೂರನೆಯ ವಾಕ್ಯವೇ ಕಾಣೆಯಾಗಿದೆ: ಆ ನೀರು ನಮ್ಮೂರಲ್ಲಿ ಎಲ್ಲಿಯ ತನಕ ಬರುತ್ತದೆ? ಧೂಳಖೇಡದವನಿಗೆ, ಹಿಂಗಣಿಯವನಿಗೆ, ತಾರಾಪುರದವನಿಗೆ ಬೇಕಾದದ್ದು ಅದೊಂದೇ. ಉಜನಿ ಮಹಾರಾಷ್ಟ್ರದಲ್ಲಿ ಭೀಮೆಗೆ ಕಟ್ಟಿದ 117 ಟಿಎಂಸಿಯ ದೊಡ್ಡ ಜಲಾಶಯ. ಅಲ್ಲಿ ಬಿಟ್ಟ ನೀರು ನಮ್ಮ ಗಡಿಗೆ ಬರಲು ಒಂದು ದಿನಕ್ಕಿಂತ ಹೆಚ್ಚು ಹಿಡಿಯುತ್ತದೆ. ವೀರ್ ಇರುವುದು ನೀರಾ ನದಿಯ ಮೇಲೆ. ನೀರೆ ಭೀಮೆಯನ್ನು ಕೂಡುವುದು ನರಸಿಂಗಪುರದಲ್ಲಿ, ಅಂದರೆ ಉಜನಿಗಿಂತ ಕೆಳಗೆ. ಇನ್ನೂ ಕೆಳಗೆ, ನಮ್ಮ ಗಡಿಯಲ್ಲೇ, ಹತ್ತರಸಂಗ ಕೂಡಲದ ಬಳಿ ಸೀನಾ ಬಂದು ಸೇರುತ್ತದೆ. ಎಲ್ಲರ ಕಣ್ಣು ಉಜನಿಯ ಗೇಟಿನ ಮೇಲಿದ್ದರೆ ಸೀನೆ ಹಿಂಬಾಗಿಲಿನಿಂದ ಬರುತ್ತಾಳೆ. 2025ರ ಸೆಪ್ಟೆಂಬರ್ ಕೊನೆಯಲ್ಲಿ ಆದದ್ದೇ ಇದು. ಸೀನಾ ಉಕ್ಕಿ ಸೋಲಾಪುರ–ವಿಜಯಪುರ ಹೆದ್ದಾರಿಯ ಸಂಚಾರವನ್ನೇ ತಡೆಯಬೇಕಾಯಿತು. ಚಡಚಣ, ಇಂಡಿ, ಆಲಮೇಲ ಭಾಗದ ಊರುಗಳು ಮತ್ತೆ ನೀರಿಗೆ ಸಿಕ್ಕವು. ಉಜನಿಯ ಅಂಕಿಯೊಂದನ್ನೇ ನಂಬಿ ಕೂತವನಿಗೆ ಆ ಅಂಕಿ ಸುಳ್ಳು ಹೇಳಿರಲಿಲ್ಲ, ಅರ್ಧ ಮಾತ್ರ ಹೇಳಿತ್ತು.

ಕೇಂದ್ರ ಜಲ ಆಯೋಗ ದೇವಣಗಾಂವ ಸೇತುವೆಯ ಬಳಿ ಭೀಮೆಯ ಮಟ್ಟ ಅಳೆಯುತ್ತದೆ, ಪ್ರವಾಹದ ಮುನ್ಸೂಚನೆಯನ್ನೂ ಕೊಡುತ್ತದೆ. ಆದರೆ ಅದು ಮಟ್ಟ ಹೇಳುವುದು ಸಮುದ್ರಮಟ್ಟದಿಂದ ಇಷ್ಟು ಮೀಟರ್ ಎಂದು. ಸಮುದ್ರವನ್ನೇ ಕಾಣದ ಊರಿಗೆ ಸಮುದ್ರದಿಂದ ಅಳೆದ ಅಪಾಯ! ಅದೇ ಅಳತೆಯನ್ನು ದಂಡೆಯ ಪ್ರತಿ ಊರಿನ ಗುಡಿಯ ಮೆಟ್ಟಿಲಿಗೆ, ಶಾಲೆಯ ಗೋಡೆಗೆ, ಅಗಸಿಯ ಕಲ್ಲಿಗೆ ತಂದು ಮುಟ್ಟಿಸುವುದು ಕಷ್ಟದ ಕೆಲಸವಲ್ಲ. 2020ರಲ್ಲಿ ನೀರು ಎಲ್ಲಿ ನಿಂತಿತ್ತು, 2025ರಲ್ಲಿ ಎಲ್ಲಿ ನಿಂತಿತು ಎಂದು ಊರವರು ಬೆರಳಿಟ್ಟು ತೋರಿಸುತ್ತಾರೆ. ಆ ದಿನ ದೇವಣಗಾಂವದಲ್ಲಿ ಮಟ್ಟ ಎಷ್ಟಿತ್ತು ಎಂಬುದು ಆಯೋಗದ ದಾಖಲೆಯಲ್ಲಿದೆ. ಎರಡನ್ನೂ ಜೋಡಿಸಿ ಮೂರು ಪಟ್ಟಿ ಬಳಿಯಬೇಕು. ಪ್ರತಿ ಪಟ್ಟಿಗೂ ಒಂದು ಕೆಲಸ ಅಂಟಿರಬೇಕು. ಮೊದಲನೆಯದು ಹೊಳೆದಂಡೆಯ ಮೋಟಾರು, ಪೈಪು, ಸ್ಟಾರ್ಟರ್ ಮೇಲೆತ್ತುವುದಕ್ಕೆ. ರೈತನಿಗೆ ಮೊದಲ ನಷ್ಟ ಅಲ್ಲೇ. ಎರಡನೆಯದು ದನಕರ, ಕಣಕಿ ಬಣವಿ, ಹಗೇವಿನ ಜೋಳ, ಪಹಣಿ–ಪಾಸ್‌ಬುಕ್ಕಿನ ಗಂಟು ಇವನ್ನು ಎತ್ತರಕ್ಕೆ ಸಾಗಿಸುವುದಕ್ಕೆ. ಹಗೇವಿಗೆ ನೀರು ಇಳಿದರೆ ವರ್ಷದ ಅನ್ನ ಕೊಳೆತುಹೋಗುತ್ತದೆ. ಇಂದು ಹಗೇವು ಕಡಿಮೆಯಾಗಿವೆ ನಿಜ, ಆದರೆ ನೆಲದ ಮೇಲಿನ ಚೀಲಕ್ಕೂ ನೀರು ರಿಯಾಯಿತಿ ಕೊಡುವುದಿಲ್ಲ. ಮೂರನೆಯ ಪಟ್ಟಿ ಮನುಷ್ಯರಿಗೆ. ಡಂಗುರ ಸಾರುವವನು ‘ನೀರು ಎರಡನೇ ಪಟ್ಟಿಗೆ ಬರ್ತದ’ ಎಂದರೆ ಸಾಕು, ‘ಎಚ್ಚರಿಕೆಯಿಂದ ಇರಿ’ ಎಂಬ ಒಣ ಉಪದೇಶ ಬೇಕಾಗದು. ಇನ್ನೊಂದು ಕೆಲಸ ಸರ್ಕಾರದ ಪಾಲಿನದು. ಭೀಮೆಗೆ ಅಡ್ಡಲಾಗಿರುವ ಬಾಂದಾರಗಳಿಗೆ ಮಳೆಗಾಲ ಮುಗಿಯುತ್ತಿದ್ದಂತೆ ಗೇಟು ಇಳಿಸಿ ನೀರು ನಿಲ್ಲಿಸುತ್ತಾರೆ. ಬಂಗಾಳ ಕೊಲ್ಲಿ ಕೆರಳುವುದೂ ಅದೇ ಹೊತ್ತಿಗೆ. ಯಾವ ಮುನ್ಸೂಚನೆಗೆ ಗೇಟು ಎತ್ತಬೇಕು, ಎತ್ತುವವರು ಯಾರು ಎಂಬುದು ಮೊದಲೇ ಬರೆದಿಟ್ಟಿರಬೇಕು.

ಇದಕ್ಕೆ ಬರುವ ಮೊದಲ ಆಕ್ಷೇಪ ಗೊತ್ತಿದ್ದದ್ದೇ: ಇದು ಬರದ ಜಿಲ್ಲೆ, ಹತ್ತು ವರ್ಷಕ್ಕೊಮ್ಮೆ ಬರುವ ಹೊಳೆಗಾಗಿ ಇಷ್ಟು ತಲೆಬಿಸಿ ಏಕೆ? ಬರದ ಜಿಲ್ಲೆ ಎಂಬುದು ಸುಳ್ಳಲ್ಲ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 1988ರಲ್ಲಿ ಹುಟ್ಟಿದ್ದೇ ಬರ ಕಾಯುವ ಘಟಕವಾಗಿ. ಈಗ ಅದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಅಳೆಯುತ್ತದೆ. ದೇಶದಲ್ಲಿ ಅಪರೂಪದ ವ್ಯವಸ್ಥೆ ಅದು. ಆದರೆ ಭೀಮೆಯ ಪ್ರವಾಹ ನಮ್ಮ ಪಂಚಾಯಿತಿಯ ಮಳೆಯಿಂದ ಬರುವುದಲ್ಲ. ಊರಿನಲ್ಲಿ ಬಿಸಿಲು ಕಾಯುತ್ತಿರುವಾಗಲೂ ಹೊಳೆ ಏರಬಹುದು, ಆಗ ಮಳೆಮಾಪಕ ಸೊನ್ನೆ ತೋರಿಸುತ್ತಿರುತ್ತದೆ. ಹತ್ತು ವರ್ಷಕ್ಕೊಮ್ಮೆ ಎಂಬ ಲೆಕ್ಕವೂ ಹಳೆಯದು. 2009, 2019, 2020, 2025 — ಈ ವರ್ಷಗಳಲ್ಲಿ ಕೃಷ್ಣೆಯೋ ಭೀಮೆಯೋ ಡೋಣಿಯೋ ಜಿಲ್ಲೆಯ ಯಾವುದಾದರೊಂದು ಅಂಚನ್ನು ಮುಳುಗಿಸಿವೆ.

ಎರಡನೆಯ ಆಕ್ಷೇಪ ತೂಕದ್ದು. ಊರನ್ನೇ ಎತ್ತರಕ್ಕೆ ಸಾಗಿಸುವುದೇ ಶಾಶ್ವತ ಪರಿಹಾರ, ಬಣ್ಣ ಬಳಿಯುವುದಲ್ಲ ಎನ್ನುವವರಿದ್ದಾರೆ. ಅವರ ಮಾತು ತಪ್ಪಲ್ಲ. ಆದರೆ 2009ರ ನೆರೆಯ ನಂತರದ ‘ಆಸರೆ’ ಮನೆಗಳ ಕಥೆ ಉತ್ತರ ಕರ್ನಾಟಕಕ್ಕೆ ಗೊತ್ತಿದೆ. ಹಲವೆಡೆ ಹೊಲ ದೂರ, ದನ ಕಟ್ಟಲು ಜಾಗ ಇಲ್ಲ. ಜನ ಹಳೆಯ ಮನೆಗೇ ಮರಳಿದರು. ಹೊಳೆದಂಡೆಯ ಎರಿ ಮಣ್ಣು ಅನ್ನ ಕೊಡುವ ತನಕ ಮನುಷ್ಯ ಅದರ ಪಕ್ಕದಲ್ಲೇ ಇರುತ್ತಾನೆ. ಸ್ಥಳಾಂತರದ ಕಡತ ಓಡಾಡುವ ವರ್ಷಗಳಲ್ಲಿ ಹೊಳೆ ಕಾಯುತ್ತ ಕೂರುವುದಿಲ್ಲ. ಇದಕ್ಕಿಂತ ಗಟ್ಟಿಯಾದದ್ದು ಎಂಜಿನಿಯರುಗಳ ಆಕ್ಷೇಪ. ಮರಳು ತೆಗೆದು, ಹೂಳು ತುಂಬಿ ಹೊಳೆಯ ಪಾತ್ರ ಬದಲಾಗುತ್ತದೆ. ಒಂದು ಸಲ ಐದನೇ ಮೆಟ್ಟಿಲಿಗೆ ಬಂದಷ್ಟೇ ನೀರು ಇನ್ನೊಮ್ಮೆ ಏಳನೆಯದಕ್ಕೆ ಬರಬಹುದು. ತಪ್ಪು ಗುರುತು ಸುಳ್ಳು ಧೈರ್ಯ ಕೊಡುತ್ತದೆ. ಒಪ್ಪಬೇಕಾದ ಮಾತು. ಅದಕ್ಕೇ ಪ್ರತಿ ಪ್ರವಾಹ ಇಳಿದ ಮೇಲೆ ಪಟ್ಟಿಯನ್ನು ತಿದ್ದಬೇಕು, ತಿದ್ದಿದ ತಾರೀಖನ್ನು ಅದರ ಪಕ್ಕದಲ್ಲೇ ಬರೆಯಬೇಕು. ಆದರೆ ಇದೇ ಆಕ್ಷೇಪ ಬರಿಯ ಕ್ಯುಸೆಕ್ ಅಂಕಿಗೆ ಇನ್ನೂ ಹೆಚ್ಚು ತಗಲುತ್ತದಲ್ಲ! ಎಂಜಿನಿಯರಿಗೇ ಖಾತ್ರಿಯಿಲ್ಲದ ಅಂದಾಜನ್ನು ಮನೆಮನೆಯೂ ತಾನೇ ಹಾಕಿಕೊಳ್ಳಲಿ ಎಂದು ಬಿಟ್ಟಿರುವುದು ಈಗಿನ ಪದ್ಧತಿ.

ಹಳ್ಳಿಯವರಿಗೆ ಅಂಕಿ ಅರ್ಥವಾಗದು ಎಂಬ ಮಾತನ್ನಂತೂ ಈ ಜಿಲ್ಲೆಯಲ್ಲಿ ಯಾರೂ ಆಡಬಾರದು. ಬಸವನ ಬಾಗೇವಾಡಿ, ನಿಡಗುಂದಿ ಕಡೆಯ ಚಹಾದಂಗಡಿಯಲ್ಲಿ 519.60 ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಆಲಮಟ್ಟಿಯ ಈಗಿನ ಪೂರ್ಣಮಟ್ಟ ಅದು. ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ ಒಪ್ಪಿದ 524.256ರ ಮೇಲೆ ಚುನಾವಣೆಗಳೇ ನಡೆದಿವೆ. ಹೊಲ, ಮನೆ ಹೋಗುವುದೋ ಉಳಿಯುವುದೋ ಎಂಬುದು ಅಂಕಿಗೆ ಅಂಟಿಕೊಂಡರೆ ದಶಾಂಶ ಬಿಂದುವೂ ಬಾಯಿಪಾಠವಾಗುತ್ತದೆ. ಕೃಷ್ಣೆಯ ದಂಡೆಗೆ ಇನ್ನೊಂದು ಅನುಕೂಲವಿದೆ: ಆಲಮಟ್ಟಿ, ನಾರಾಯಣಪುರ ಎರಡೂ ನಮ್ಮದೇ ಕೈಯಲ್ಲಿವೆ, ಒಳಹರಿವು ಹೊರಹರಿವು ದಿನಾ ಪತ್ರಿಕೆಯಲ್ಲಿ ಬರುತ್ತದೆ. ಆದರೂ 2019ರ ಆಗಸ್ಟ್‌ನಲ್ಲಿ ಮುದ್ದೇಬಿಹಾಳ ಕಡೆಯ ಹೊಳೆದಂಡೆಯ ಹೊಲಗಳು ನೀರಾದವು. ಡೋಣಿಯದು ಬೇರೆಯೇ ಪಾಡು. ಜತ್ತ ಸೀಮೆಯಲ್ಲಿ ಹುಟ್ಟಿ ಬಾಗೇವಾಡಿ, ತಾಳಿಕೋಟೆ ಹಾದು ಕೃಷ್ಣೆ ಸೇರುವ ಈ ಹೊಳೆಗೆ ಹೇಳಿಕೊಳ್ಳುವಂಥ ಅಣೆಕಟ್ಟಿಲ್ಲ, ಬಿಡುವ ಕ್ಯುಸೆಕ್ ಇಲ್ಲ, ಆದ್ದರಿಂದ ಪ್ರಕಟಣೆಯೂ ಇಲ್ಲ. ಡೋಣಿ ಬೆಳೆದರೆ ಓಣಿಗೆಲ್ಲ ಕಾಳು ಎಂದು ಹೊಗಳಿಸಿಕೊಂಡ ಹೊಳೆ ಹೂಳು ತುಂಬಿ, ಜೋರು ಮಳೆಯಾದರೆ ಹಡಗಿನಾಳದ ಸೇತುವೆ ಮುಳುಗಿಸಿ ಹೊಲಕ್ಕೆ ಹೊರಳುತ್ತದೆ. ಇಲ್ಲಿ ಮೇಲಿನ ಊರಿನ ಸೇತುವೆಯ ಗುರುತೇ ಕೆಳಗಿನ ಊರಿಗೆ ಮುನ್ಸೂಚನೆ. ಬೇಕಾದದ್ದು ಆ ಗುರುತು ನೋಡಿ ಫೋನ್ ಮಾಡುವ ಒಬ್ಬ ಮನುಷ್ಯ.

ಫೋನ್ ಎಂದಾಗ ವಾಟ್ಸಾಪ್ ಇದೆಯಲ್ಲ ಎನ್ನುತ್ತಾರೆ. ಇದೆ. 2020ರಲ್ಲೂ ಇತ್ತು. ಯಾವ ವರ್ಷದ್ದೋ ಯಾವ ಹೊಳೆಯದ್ದೋ ವಿಡಿಯೊ ಅದರಲ್ಲಿ ನೀರಿಗಿಂತ ಬೇಗ ಹರಿಯುತ್ತದೆ, ಮತ್ತು ಪ್ರವಾಹ ಬಂದ ರಾತ್ರಿ ಮೊದಲು ಹೋಗುವುದೇ ಕರೆಂಟು. ಗುಡಿಯ ಮೆಟ್ಟಿಲಿಗೆ ಚಾರ್ಜ್ ಬೇಡ. ಪಟ್ಟಿ ಬಳಿಯುವ ಖರ್ಚು ಪಂಚಾಯಿತಿಗೆ ಹೊರೆಯಲ್ಲ. ಬಳಿಯಲು ಸರಿಯಾದ ಕಾಲ ಏಪ್ರಿಲ್, ಮೇ. ಹೊಳೆ ಬತ್ತಿ ತಳದ ಬಂಡೆ ಕಾಣುತ್ತಿರುತ್ತದೆ, ಮೆಟ್ಟಿಲುಗಳೆಲ್ಲ ಬಯಲಾಗಿರುತ್ತವೆ, ಹೋದ ಸಲದ ರಾಡಿಯ ಗೆರೆ ಗೋಡೆಯ ಮೇಲೆ ಇನ್ನೂ ಅಳಿಸಿರುವುದಿಲ್ಲ.