ಸೀಮೆಎಣ್ಣೆ ಬೆರೆಸಿದರೆ ಎನಾಮಲ್ ಪೇಂಟ್‌ನ ಹೊಳಪು ಕಡಿಮೆಯಾಗುತ್ತದೆಯೇ?

ಹಬ್ಬಕ್ಕೆ ಮೊದಲು ಬಾಗಿಲು, ಕಿಟಕಿಗಳಿಗೆ ಎನಾಮಲ್ ಪೇಂಟ್ ಹೊಡೆಸುತ್ತೇವೆ. ರಾತ್ರಿ ಲೈಟ್ ಹಾಕಿದರೆ ಬಾಗಿಲು ಕನ್ನಡಿಯಂತೆ ಮಿರುಗುತ್ತದೆ, ಮರದ ಉಬ್ಬುತಗ್ಗುಗಳೆಲ್ಲ ಎದ್ದು ಕಾಣುತ್ತವೆ. ಆಗ ‘ಸೀಮೆಎಣ್ಣೆಯನ್ನೋ ಥಿನ್ನರನ್ನೋ ಸ್ವಲ್ಪ ಜಾಸ್ತಿ ಹಾಕಬೇಕಿತ್ತು’ ಎನ್ನುವವರು ಇದ್ದೇ ಇರುತ್ತಾರೆ. ಇದು ಎಷ್ಟು ಸರಿ ಎಂದು ನೋಡೋಣ.

ಹೊಳಪು ಎಲ್ಲಿಂದ ಬರುತ್ತದೆ?

ಸಾಮಾನ್ಯ ಎನಾಮಲ್‌ನಲ್ಲಿ ಬಣ್ಣದ ಪುಡಿಯ ಜೊತೆಗೆ ಆಲ್ಕಿಡ್ ಎಂಬ ರಾಳ ಇರುತ್ತದೆ. ಒಣಗಿದಾಗ ಈ ರಾಳ ಗಾಜಿನಂತೆ ನುಣುಪಾದ ಪದರವಾಗುತ್ತದೆ. ಅದರ ಮೇಲೆ ಬಿದ್ದ ಬೆಳಕು ಒಂದೇ ದಿಕ್ಕಿಗೆ ಮರಳುವುದರಿಂದ ಹೊಳಪು ಕಾಣುತ್ತದೆ. ಮೇಲ್ಮೈ ಕಣ್ಣಿಗೆ ಕಾಣದಷ್ಟು ತರಿಯಾಗಿದ್ದರೆ ಬೆಳಕು ಚದುರಿ, ಹೊಳಪು ತಗ್ಗುತ್ತದೆ. ಪೂರ್ತಿ ಹೊಳಪಿಗೂ ಮ್ಯಾಟ್‌ಗೂ ನಡುವಿನ ಹದವೇ ಸ್ಯಾಟಿನ್.

ಥಿನ್ನರ್ ಏನು ಮಾಡುತ್ತದೆ?

ಥಿನ್ನರ್ ಇರುವುದು ಪೇಂಟನ್ನು ಬ್ರಷ್‌ಗೆ ತಕ್ಕಂತೆ ತೆಳುವಾಗಿಸಲು. ಆಮೇಲೆ ಅದು ಆವಿಯಾಗಿ ಹೋಗುತ್ತದೆ, ಉಳಿಯುವುದು ಅದೇ ರಾಳ. ಜಾಸ್ತಿ ಹಾಕಿದರೆ ಪೇಂಟ್ ಸೋರುತ್ತದೆ, ಹಳೆಯ ಬಣ್ಣ ಇಣುಕುತ್ತದೆ. ಸೀಮೆಎಣ್ಣೆ ನಿಧಾನವಾಗಿ ಆರುವುದರಿಂದ ಧೂಳೂ ಅಂಟುತ್ತದೆ. ಅಲ್ಲಲ್ಲಿ ಮಂಕಾಗಬಹುದು, ಆದರೆ ಅದು ಸ್ಯಾಟಿನ್ ಅಲ್ಲ. ಸೀಮೆಸುಣ್ಣದ ಪುಡಿ ಬೆರೆಸಿದರೆ ಗಂಟುಗಳಾಗಿ ಪದರ ಒರಟಾಗುತ್ತದೆ. ಕಾರ್ಖಾನೆಗಳಲ್ಲಿ ಇದಕ್ಕಾಗಿ ಕೆಲವೇ ಮೈಕ್ರಾನ್ ಗಾತ್ರದ ಸಿಲಿಕಾ ಕಣಗಳನ್ನು ಸಮನಾಗಿ ಬೆರೆಸುತ್ತಾರೆ. ಈ ಕಣಗಳು ತಳಕ್ಕೆ ಇಳಿಯುವುದರಿಂದ ಸ್ಯಾಟಿನ್ ಡಬ್ಬಿಯನ್ನು ತಳದವರೆಗೂ ಕಲಕಬೇಕು.

ಹಾಗಾದರೆ ಸರಿಯಾದ ದಾರಿ?

ಈಗಾಗಲೇ ಹೊಳೆಯುವ ಬಾಗಿಲನ್ನು 320 ನಂಬರಿನ ವಾಟರ್ ಪೇಪರ್‌ನಿಂದ ನೀರು ಹಾಕಿ ಹಗುರವಾಗಿ ಉಜ್ಜಿ, ಒರೆಸಿ, ಪೂರ್ತಿ ಒಣಗಿಸಬೇಕು. ಉಜ್ಜದಿದ್ದರೆ ಹೊಸ ಪದರ ಸರಿಯಾಗಿ ಹಿಡಿಯದೆ ಮುಂದೆ ಸುಲಿದು ಬರಬಹುದು. ಬಳಿಕ ಸ್ಯಾಟಿನ್ ಎನಾಮಲ್‌ನ ಎರಡು ತೆಳು ಪದರ ಸಾಕು. ಹಸಿ ಪೇಂಟ್ ಯಾವುದಾದರೂ ಹೊಳೆಯುತ್ತದೆ, ಆದ್ದರಿಂದ ಪೂರ್ತಿ ಒಣಗುವ ಮೊದಲು ತೀರ್ಮಾನಿಸಬೇಡಿ.

ಉಜ್ಜುವ ಮುನ್ನ ಎಚ್ಚರ

ನಿಜವಾದ ಅಪಾಯ ಇರುವುದು ಇಲ್ಲಿ. ಹಳೆಯ ಎನಾಮಲ್‌ಗಳಲ್ಲಿ ಸೀಸದ ಅಂಶ ಹೆಚ್ಚಿರಬಹುದು. ಮನೆಬಳಕೆಯ ಪೇಂಟ್‌ಗಳಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಾಗಿಲನ್ನು ಒಣದಾಗಿ ಉಜ್ಜಿದರೆ ಸೀಸದ ಧೂಳು ಮನೆಯೆಲ್ಲ ಹರಡಬಹುದು. ನೆಲದ ಮೇಲೆ ಆಡಿ ಕೈ ಬಾಯಿಗಿಡುವ ಮಕ್ಕಳ ಮಿದುಳಿನ ಬೆಳವಣಿಗೆಗೆ ಇದು ಮಾರಕ. ಸೀಸಕ್ಕೆ ಸುರಕ್ಷಿತ ಮಟ್ಟ ಎಂಬುದೇ ಗೊತ್ತಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಆದ್ದರಿಂದ ಹಳೆಯ ಪೇಂಟನ್ನು ಒದ್ದೆ ಮಾಡಿಯೇ ಉಜ್ಜಿ. ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿಡಿ. ಕೆಲಸ ಮಾಡುವವರು ಎನ್95 ಅಥವಾ ಅದಕ್ಕಿಂತ ಉತ್ತಮ ಮಾಸ್ಕ್ ಹಾಕಿಕೊಳ್ಳಲಿ, ಬಟ್ಟೆಯ ಮಾಸ್ಕ್ ಸಾಲದು. ಕೆಳಗೆ ಪ್ಲಾಸ್ಟಿಕ್ ಹಾಸಿ, ಬಿದ್ದದ್ದನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಒಟ್ಟಿನಲ್ಲಿ, ಸೀಮೆಎಣ್ಣೆಯಿಂದ ಸ್ಯಾಟಿನ್ ಬರುತ್ತದೆ ಎಂಬುದು ತಪ್ಪು ನಂಬಿಕೆ. ಹೊಳಪನ್ನು ತಗ್ಗಿಸುವುದು ಮೇಲ್ಮೈಯ ಸಣ್ಣ ತರಿ. ಆ ತರಿಗಾಗಿ ಹಳೆಯ ಬಣ್ಣದ ಧೂಳೆಬ್ಬಿಸುವುದು ಮಾತ್ರ ಬೇಡ.