ಯಮುನೆಯ ದಡದ ಹೊನಗೊನ್ನೆ

ನವರಾತ್ರಿಯ ವೇಳೆಗೆ ಯಮುನೆಯ ಸೇತುವೆಗಳನ್ನು ದಾಟುವಾಗ ಇಕ್ಕೆಲಗಳಲ್ಲಿ ಕಾಂಸ್ ಹುಲ್ಲಿನ ಬಿಳಿಯ ತೆನೆಗಳು ಗಾಳಿಗೆ ಬಾಗುವುದನ್ನು ದೆಹಲಿಯ ಕನ್ನಡಿಗರು ಕಂಡೇ ಇರುತ್ತಾರೆ. ಇಳಿದು ಹತ್ತಿರ ಹೋದವರಿಗೆ ಬೇರೊಂದು ಅಚ್ಚರಿ ಕಾದಿರುತ್ತದೆ. ಆಪು ಹುಲ್ಲಿನ ಮೆಳೆಯ ಬುಡದಲ್ಲಿ, ಕೆಸರಿನ ಅಂಚಿನಲ್ಲಿ, ನಮ್ಮೂರ ಗದ್ದೆಯ ಬದುವಿನಲ್ಲಿ ಕಂಡ ಹೊನಗೊನ್ನೆ, ಗರುಗ, ನೀರುಬ್ರಾಹ್ಮಿಗಳೇ ಹಬ್ಬಿಕೊಂಡಿರುತ್ತವೆ. ಪರಸ್ಥಳದಲ್ಲಿ ತವರಿನ ನಂಟರನ್ನು ಕಂಡಂತಾಗಿ ಒಂದು ಹಿಡಿ ಸೊಪ್ಪನ್ನು ಕಿತ್ತು ಮನೆಗೆ ತರುವವರು ನಮ್ಮಲ್ಲಿದ್ದಾರೆ. ಹಾಗೆ ತರಕೂಡದೆಂಬುದು ನನ್ನ ದೃಢವಾದ ಅಭಿಪ್ರಾಯ.

ಇದಕ್ಕೆ ಕಾರಣ ಆ ಸಸ್ಯಗಳ ಸದ್ಗುಣವೇ ಆಗಿದೆ. ಜೌಗಿನ ಗಿಡಗಳು ನೀರನ್ನು ಶುದ್ಧಿಗೊಳಿಸುತ್ತವೆ. ಆಪಿನ ದಂಟುಗಳು ಹರಿವನ್ನು ನಿಧಾನಗೊಳಿಸುವುದರಿಂದ ಹೂಳು ತಳಕ್ಕಿಳಿಯುತ್ತದೆ. ಅದರ ಪೊಳ್ಳು ಒಡಲಿನ ಮೂಲಕ ಗಾಳಿಯು ಬೇರಿನವರೆಗೆ ಸಾಗಿ, ಅಲ್ಲಿನ ಸೂಕ್ಷ್ಮಜೀವಿಗಳು ಕೊಳೆಯನ್ನು ಕರಗಿಸಲು ನೆರವಾಗುತ್ತದೆ. ಸೀಸ, ಕ್ಯಾಡ್ಮಿಯಂ ಮೊದಲಾದ ಲೋಹಗಳು ಮಾತ್ರ ಕರಗಿ ಹೋಗುವಂಥವಲ್ಲ. ಅವುಗಳಲ್ಲಿ ಒಂದಂಶವನ್ನು ಗಿಡವು ಹೀರಿ ತನ್ನ ಬೇರು, ದಂಟು, ಎಲೆಗಳಲ್ಲಿಯೇ ಇರಿಸಿಕೊಳ್ಳುತ್ತದೆ. ನೀರಿನ ವಿಷವನ್ನು ಕುಡಿದ ಗಿಡವನ್ನು ನಾವು ತಿನ್ನುವುದೆಂದರೆ ಆ ವಿಷವನ್ನು ನಾವೇ ಮರಳಿ ಪಡೆದಂತೆ.

ವಜೀರಾಬಾದಿನ ಅಣೆಕಟ್ಟಿನವರೆಗೆ ನಗರವು ಈ ನದಿಯಿಂದ ಕುಡಿಯುವ ನೀರನ್ನು ಪಡೆಯುತ್ತದೆ. ಅದರ ಕೆಳಗಡೆಯೇ ನಜಫ್‌ಗಢದ ಮಹಾಚರಂಡಿ ಬಂದು ಸೇರುತ್ತದೆ. ಅಲ್ಲಿಂದ ಓಖ್ಲಾದವರೆಗಿನ 22 ಕಿಲೋಮೀಟರುಗಳು ಯಮುನೆಯ ಒಟ್ಟು ಉದ್ದದಲ್ಲಿ ನೂರಕ್ಕೆ 2 ಪಾಲೂ ಇಲ್ಲ. ಆದರೂ ನದಿಯ ಮಾಲಿನ್ಯದ ಬಹುಪಾಲು ಈ ಭಾಗದ್ದೇ. ಈ ಬಯಲಿನಲ್ಲಿ ತಿನ್ನುವ ಬೆಳೆಗಳನ್ನು ಬೆಳೆಯಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2015ರಲ್ಲಿಯೇ ಆದೇಶಿಸಿತು. ತಾನಾಗಿ ಬೆಳೆದ ಸೊಪ್ಪಿಗೆ ಆ ಎಚ್ಚರಿಕೆ ಅನ್ವಯಿಸುವುದಿಲ್ಲವೆಂದು ಭಾವಿಸಲು ಯಾವ ಆಧಾರವಿದೆ?

ಚೆನ್ನಾಗಿ ತೊಳೆದು ಬೇಯಿಸಿದರಾಯಿತೆಂಬ ಸಮಾಧಾನವೂ ಸಲ್ಲದು. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಸೀಸ ಸಾಯುವುದಿಲ್ಲ. ಸೀಸವು ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಗೇ ಹಾನಿಕರ. ಜ್ಞಾಪಕಶಕ್ತಿ ಹೆಚ್ಚಲೆಂದು ಮಗುವಿಗೆ ಉಣಿಸುವ ಬ್ರಾಹ್ಮಿಯೇ ಆ ಶಕ್ತಿಯನ್ನು ಕುಂದಿಸುವಂತಾದರೆ ಅದಕ್ಕಿಂತ ವಿಷಾದದ ಸಂಗತಿ ಬೇರೊಂದಿಲ್ಲ. (ನೀರುಬ್ರಾಹ್ಮಿಯೇ ಬೇರೆ, ನಮ್ಮ ತಂಬುಳಿಯ ಒಂದೆಲಗವೇ ಬೇರೆ. ಅಂಗಡಿಯಲ್ಲಿ ಕೊಳ್ಳುವವರು ಇದನ್ನು ನೆನಪಿಡಬೇಕು.)

ಇನ್ನೊಂದು ತೊಡಕೂ ಉಂಟು. ದೆಹಲಿಯ ಚರಂಡಿ, ಹೊಂಡಗಳಲ್ಲಿ ಹೊನಗೊನ್ನೆಯಂತೆಯೇ ತೋರುವ, ದಕ್ಷಿಣ ಅಮೆರಿಕೆಯಿಂದ ಬಂದ ಕಳೆಯೊಂದು ಹೇರಳವಾಗಿದೆ. ನಿಜವಾದ ಹೊನಗೊನ್ನೆಯ ಬಿಳಿ ಹೂಗಳು ಎಲೆಯ ಕಂಕುಳಲ್ಲಿ ಅಂಟಿಕೊಂಡಿರುತ್ತವೆ. ಆ ಕಳೆಯ ಹೂವಾದರೋ ಉದ್ದನೆಯ ತೊಟ್ಟಿನ ಮೇಲೆ ನಿಲ್ಲುತ್ತದೆ. ಇದೂ, ಅದೇ ಖಂಡದಿಂದ ಬಂದ ನೇರಳೆ ಹೂವಿನ ಅಂತರಗಂಗೆಯೂ ಕೊಳೆನೀರಿನಲ್ಲಿ ಕೊಬ್ಬಿ, ದೇಶೀಯ ಸಸ್ಯಗಳಿಗೆ ನೆಲೆಯಿಲ್ಲದಂತೆ ಮಾಡುತ್ತಿವೆ.

ಸೊಪ್ಪು ಬೇಕಾದವರು ಬಾಲ್ಕನಿಯ ಕುಂಡದಲ್ಲಿ, ಒಳ್ಳೆಯ ಮಣ್ಣಿನಲ್ಲಿ, ನಲ್ಲಿಯ ನೀರಿನಿಂದ ಬೆಳೆಸಿಕೊಳ್ಳಲಿ. ಹೊನಗೊನ್ನೆಗೆ ಒಂದು ತುಂಡು ದಂಟು ಸಾಕು. ದಡದ ಗಿಡಗಳನ್ನು ಅವುಗಳ ಕೆಲಸಕ್ಕೆ ಬಿಡೋಣ. ಅವುಗಳನ್ನು ಕಿತ್ತು ಹುಲ್ಲುಹಾಸು, ಕಲ್ಲುಹಾಸುಗಳನ್ನು ಮಾಡಿ 'ಸುಂದರೀಕರಣ'ವೆನ್ನುವುದನ್ನು ನಾನಂತೂ ಒಪ್ಪಲಾರೆ. ಹಾಗೆಂದು ಇಡೀ ನಗರದ ಕೊಳೆಯನ್ನು ಗಿಡಗಳ ತಲೆಗೆ ಕಟ್ಟುವುದೂ ಸಾಧುವಲ್ಲ. ಚರಂಡಿಯ ನೀರು ನದಿಗೆ ಸೇರುವ ಮೊದಲೇ ಶುದ್ಧವಾಗಬೇಕು.

ದೇಶೀಯ ಜೌಗುಸಸ್ಯಗಳನ್ನು ಕಾಣಬಯಸುವವರಿಗೆ ವಜೀರಾಬಾದಿನ ಸಮೀಪದ ಯಮುನಾ ಜೀವವೈವಿಧ್ಯ ಉದ್ಯಾನವಿದೆ. ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳ ಮಾರ್ಗದರ್ಶನದಲ್ಲಿ 2002ರಿಂದ ರೂಪುಗೊಂಡ ಆ ತಾಣಕ್ಕೆ ಚಳಿಗಾಲದಲ್ಲಿ ದೂರದೇಶದ ಬಾತುಗಳೂ ಬರುತ್ತವೆ. ನಮ್ಮ ಸಂಘದ ಮುಂದಿನ ಪ್ರವಾಸವನ್ನು ಅಲ್ಲಿಗೇ ಏರ್ಪಡಿಸಬಾರದೇಕೆ?